ಸಂಕಲ್ಪವೊಂದೇ ಸಾಕೇ? ಹೊಗೆಸೊಪ್ಪಿನ ಚಟವೂ ಕೃಪೆಯ ಸಾಧನಗಳೂ

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಪ್ರತಿಜ್ಞೆ ಮಾಡಿಸುವ ವಾಡಿಕೆ ನಮ್ಮ ಅನೇಕ ಸಭೆಗಳಲ್ಲಿ ಉಂಟು. ಕಳೆದ ವರ್ಷದ ಪಾಪಗಳನ್ನು ಅರಿಕೆಮಾಡಿದ ಬಳಿಕ, ಬೀಡಿ, ಸಿಗರೇಟು, ಹೊಗೆಸೊಪ್ಪು, ಕುಡಿತ ಇವುಗಳನ್ನು ಬಿಡಲು ಮನಸ್ಸುಳ್ಳವರು ಕೈಯೆತ್ತಬೇಕೆಂದು ಸಭಾಪಾಲಕರು ಕೇಳುತ್ತಾರೆ. ಕೈಗಳು ಏಳುತ್ತವೆ, ಹೆಂಡತಿಮಕ್ಕಳ ಕಣ್ಣು ತುಂಬುತ್ತದೆ, ಪ್ರಾರ್ಥನೆಯಾಗುತ್ತದೆ. ನಾನೂ ಇದನ್ನು ಬಹಳ ವರ್ಷ ಮಾಡಿಸಿದ್ದೇನೆ. ಏಳಿದ್ದ ಕೈಗಳು ಫೆಬ್ರವರಿಯ ಹೊತ್ತಿಗೆ ಏನು ಹಿಡಿದಿದ್ದವೆಂದು ಮಾತ್ರ ವಿಚಾರಿಸಿದವನಲ್ಲ.

ವಿಚಾರಿಸುವಂತೆ ಮಾಡಿದವರು ಆನಂದಪುರದ ಕಡೆಯ ಒಬ್ಬ ಕೊನೆಗಾರರು. (ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ, ತಾಳಗುಪ್ಪದ ರೈಲುಮಾರ್ಗಕ್ಕೆ ತಗುಲಿಕೊಂಡಿರುವ ಊರು ಇದು, ಮೋಗ್ಲಿಂಗರು ಕೊಡಗಿನಲ್ಲಿ ಹೊಸ ವಿಶ್ವಾಸಿಗಳಿಗಾಗಿ ನೆಲೆಗೊಳಿಸಿದ ಆನಂದಪುರವಲ್ಲ. ಮಿಷನ್ ಚರಿತ್ರೆ ಓದುವ ವಿದ್ಯಾರ್ಥಿಗಳು ಎರಡನ್ನೂ ಬೆರೆಸುವುದುಂಟು.) ಕಾಲಿಗೆ ತಳೆ ಹಾಕಿಕೊಂಡು ಅಡಿಕೆಮರ ಏರಿ ಕೊನೆ ಇಳಿಸುವುದು ಅವರ ಕಸುಬು. ಐವತ್ತರ ಆಸುಪಾಸಿನ ವಯಸ್ಸು. ಹದಿನಾಲ್ಕನೆಯ ವಯಸ್ಸಿನಿಂದ ಬೀಡಿ. ಸತತ ಮೂರು ವರ್ಷ ನನ್ನ ಮುಂದೆ ಕೈಯೆತ್ತಿದ್ದರು. ಮೂರನೆಯ ವರ್ಷದ ಫೆಬ್ರವರಿಯಿಂದ ತಿಂಗಳ ಮೊದಲ ಭಾನುವಾರ ಅವರು ಆರಾಧನೆಗೆ ಬರುವುದು ನಿಂತಿತು. ಉಳಿದ ಭಾನುವಾರಗಳಲ್ಲಿ ಹಿಂದಿನ ಬೆಂಚಿನಲ್ಲಿ ಇರುತ್ತಿದ್ದರು. ನಮ್ಮಲ್ಲಿ ಕರ್ತನ ಭೋಜನ ನಡೆಯುವುದು ಮೊದಲ ಭಾನುವಾರ. ಈ ಎರಡಕ್ಕೂ ಇರುವ ಸಂಬಂಧ ನನಗೆ ಹೊಳೆಯಲು ಐದು ತಿಂಗಳು ಬೇಕಾಯಿತು. ಮನೆಗೆ ಹೋಗಿ ಕೇಳಿದಾಗ ಅವರು ಹೇಳಿದ್ದು ಇಷ್ಟು: "ಅಯ್ಯನವರೇ, ದೇವರ ಮುಂದೆ ಮೂರು ಸಲ ಕೈ ಎತ್ತಿ ಮೂರು ಸಲವೂ ಸುಳ್ಳಾಡಿದವನು ನಾನು. ಅದೇ ಕೈ ಚಾಚಿ ರೊಟ್ಟಿ ಹೆಂಗೆ ತಗೊಳ್ಳಲಿ?"

ಧೂಮಪಾನ ಪಾಪವೇ ಅಲ್ಲವೇ ಎಂಬ ಚರ್ಚೆ ಈ ಲೇಖನದ್ದಲ್ಲ. 1874ರಲ್ಲಿ ಲಂಡನ್ನಿನ ಪ್ರಸಿದ್ಧ ಬೋಧಕರಾದ ಸ್ಪರ್ಜನರು ದೇವರ ಮಹಿಮೆಗಾಗಿಯೇ ಚುಟ್ಟಾ ಸೇದುವೆನೆಂದು ತಮ್ಮ ಸಭೆಯಲ್ಲೇ ಹೇಳಿ ದೊಡ್ಡ ಗದ್ದಲಕ್ಕೆ ಕಾರಣರಾದರು. ಇಂದು ಆ ಮಾತಿಗೆ ಹೆಚ್ಚು ಜನ ವಕಾಲತ್ತು ವಹಿಸಲಾರರು. ನಮ್ಮ ಮುಂದಿರುವ ಪ್ರಶ್ನೆ ಬೇರೆ. ಬಿಡಬೇಕೆಂದು ನಿಜವಾಗಿಯೂ ಬಯಸುವವನಿಗೆ ಆ ಬಯಕೆ ಸಾಕೇ? ಸಾಲದೆಂದಾದರೆ, ಸಾಲದ ಬಯಕೆಯನ್ನು ದೇವರ ಮುಂದೆ ಪ್ರತಿಜ್ಞೆಯಾಗಿ ಕಟ್ಟಿಸುವ ನಾವು ಮಾಡುತ್ತಿರುವುದೇನು?

ನಮ್ಮಲ್ಲಿ ಎರಡು ಉತ್ತರಗಳು ಬಳಕೆಯಲ್ಲಿವೆ. ಮನಸ್ಸು ಗಟ್ಟಿಮಾಡಿದರೆ ಸಾಕು ಎನ್ನುವುದು ಒಂದು. ಮನುಷ್ಯನಿಂದ ಆಗದು, ಪ್ರಾರ್ಥಿಸಿದರೆ ಸಾಕು ಎನ್ನುವುದು ಇನ್ನೊಂದು. ಎರಡನೆಯದು ಕೃಪೆಯ ಬೋಧನೆಯಂತೆ ಕೇಳಿಸಿದರೂ ವ್ಯವಹಾರದಲ್ಲಿ ಮೊದಲನೆಯದರ ಅವಳಿ. ಬೀಡಿ ಮತ್ತೆ ಬಾಯಿಗೆ ಬಂದ ದಿನ ಮೊದಲನೆಯವರು ಮನಸ್ಸು ಗಟ್ಟಿಯಿರಲಿಲ್ಲ ಎನ್ನುತ್ತಾರೆ, ಎರಡನೆಯವರು ನಂಬಿಕೆ ಗಟ್ಟಿಯಿರಲಿಲ್ಲ ಎನ್ನುತ್ತಾರೆ. ಬಿದ್ದವನು ಒಂಟಿಯಾಗಿ ಹೊರಬೇಕಾದ ಹೊರೆ ಎರಡರಲ್ಲಿಯೂ ಒಂದೇ.

ದೇಹದಲ್ಲಿ ನಡೆಯುವುದು

ಬೀಡಿಯ ಹೊಗೆಯಲ್ಲಿರುವ ನಿಕೋಟಿನ್ ಶ್ವಾಸಕೋಶದ ಮೂಲಕ ರಕ್ತಕ್ಕೆ ಸೇರಿ ಸುಮಾರು ಹತ್ತು ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಅಲ್ಲಿನ ನರಕೋಶಗಳ ಮೇಲಿರುವ ಕೆಲವು ಗ್ರಾಹಕಗಳಿಗೆ ಅಂಟಿಕೊಂಡು, ಹಿತವೆನಿಸುವ ಡೋಪಮಿನ್ ಎಂಬ ದ್ರವ್ಯವನ್ನು ಬಿಡಿಸುತ್ತದೆ. ವರ್ಷಗಟ್ಟಲೆ ಸೇದಿದವನಲ್ಲಿ ಈ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕಿಳಿಯುವುದರಿಂದ ದಿನದಲ್ಲಿ ಹಲವು ಬಾರಿ ಅವು ಬರಿದಾಗಿ ಮತ್ತೆ ಕೇಳುತ್ತವೆ. ಬಿಟ್ಟಾಗ ಬರುವ ಸಿಡುಕು, ನಿದ್ರಾಭಂಗ, ಏಕಾಗ್ರತೆಯ ಕೊರತೆ, ಅತಿಯಾದ ಹಸಿವು ಮೊದಲ ವಾರದಲ್ಲಿ ತೀವ್ರವಾಗಿದ್ದು ಮೂರು ನಾಲ್ಕು ವಾರಗಳಲ್ಲಿ ತಗ್ಗುತ್ತವೆ. ಜನವರಿ ಮೊದಲನೆಯ ತಾರೀಕು ಬಿಟ್ಟ ನಮ್ಮ ಕೊನೆಗಾರರು ನಾಲ್ಕನೆಯ ದಿನ ಮಗನ ಮೇಲೆ ಕೈಯೆತ್ತಿದರಂತೆ. ಹೊಸ ಜೀವನ ಆರಂಭಿಸಿದವನಿಗೆ ಹೀಗೇಕಾಯಿತೆಂದು ಮನೆಯವರೂ ತಿಳಿಯಲಿಲ್ಲ, ಅವರೂ ತಿಳಿಯಲಿಲ್ಲ. ಹೀಗಾಗುವುದುಂಟು, ಇದು ಹೋಗುತ್ತದೆ ಎಂದು ಮೊದಲೇ ಹೇಳಬೇಕಾಗಿದ್ದವನು ನಾನು.

ಯಾವ ನೆರವೂ ಇಲ್ಲದೆ ಬಿಡಲು ಹೊರಟವರಲ್ಲಿ ಆರು ತಿಂಗಳಿಂದ ಒಂದು ವರ್ಷದ ವರೆಗೆ ನಿಂತವರು ನೂರಕ್ಕೆ ಮೂರರಿಂದ ಐದು ಮಂದಿಯೆಂದು 2004ರಲ್ಲಿ ಹ್ಯೂಸ್ ಮತ್ತು ಸಂಗಡಿಗರು ಅನೇಕ ಅಧ್ಯಯನಗಳನ್ನು ಕೂಡಿಸಿ ತೋರಿಸಿದ್ದಾರೆ. ಇದರ ಪಕ್ಕದಲ್ಲಿ ಇನ್ನೊಂದು ಸತ್ಯವನ್ನೂ ಇಡಬೇಕು. ಲೋಕದಲ್ಲಿ ಧೂಮಪಾನ ಬಿಟ್ಟಿರುವವರಲ್ಲಿ ಹೆಚ್ಚಿನವರು ಔಷಧವಿಲ್ಲದೆ, ಸಲಹಾಕೇಂದ್ರವಿಲ್ಲದೆ ಬಿಟ್ಟವರೇ. ಅವರಲ್ಲಿ ದೇವರನ್ನು ನಂಬದವರೂ ಬೇಕಾದಷ್ಟಿದ್ದಾರೆ. ಎರಡೂ ಮಾತು ನಿಜವಾಗುವುದು ಹೇಗೆ? ಒಂದೊಂದು ಯತ್ನ ಗೆಲ್ಲುವ ಸಂಭವ ಅತ್ಯಲ್ಪ. ಆದರೆ ಯತ್ನಗಳು ಹಲವಾರು. ಬಿಟ್ಟವರೆಂದರೆ ಬಹುಮಟ್ಟಿಗೆ ಅನೇಕ ಸಲ ಸೋತು ಮತ್ತೆ ಆರಂಭಿಸಿದವರು. ಆದುದರಿಂದ ಕ್ರಿಸ್ತನಿಲ್ಲದೆ ಯಾರೂ ಬೀಡಿ ಬಿಡಲಾರರೆಂದು ವೇದಿಕೆಯ ಮೇಲೆ ಸಾರುವುದು ಸುಳ್ಳುಸಾಕ್ಷಿ. 1530ರ ಆಗ್ಸ್‌ಬರ್ಗ್ ಅರಿಕೆಯ 18ನೆಯ ವಿಧಿ ಲೌಕಿಕ ನೀತಿಯ ವಿಷಯಗಳಲ್ಲಿ ಮನುಷ್ಯಚಿತ್ತಕ್ಕೆ ಒಂದಿಷ್ಟು ಸ್ವಾತಂತ್ರ್ಯವಿದೆಯೆಂದು ಒಪ್ಪುತ್ತದೆ. ನಾವೂ ಒಪ್ಪೋಣ. ಸಂಕಲ್ಪ ಬೇಡವೆಂದು ಯಾರೂ ಹೇಳುತ್ತಿಲ್ಲ. ಅದಿಲ್ಲದೆ ಏನೂ ಮೊದಲಾಗುವುದಿಲ್ಲ.

ಪ್ರಸಂಗಗಳಲ್ಲಿ ಬಹಳವಾಗಿ ಕೇಳಿಬರುವ ಒಂದು ಹೋಲಿಕೆಯ ಬಗ್ಗೆ ಎಚ್ಚರಿಕೆ: ಇಚ್ಛಾಶಕ್ತಿ ಸ್ನಾಯುವಿನಂತೆ, ಬಳಸಿದಷ್ಟು ದಣಿಯುತ್ತದೆ ಎಂಬುದು. 1998ರಲ್ಲಿ ಬೌಮೈಸ್ಟರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಿಂದ ಇದು ಹರಡಿತು. 2016ರಲ್ಲಿ ಇಪ್ಪತ್ತಮೂರು ಪ್ರಯೋಗಾಲಯಗಳು ಸುಮಾರು ಎರಡು ಸಾವಿರ ಜನರೊಡನೆ ಪರೀಕ್ಷಿಸಿದಾಗ ಆ ಪರಿಣಾಮ ಕಾಣಿಸಲಿಲ್ಲವೆನ್ನಬಹುದು. ಪ್ರಸಂಗದ ಟಿಪ್ಪಣಿಯಿಂದ ಅದನ್ನು ತೆಗೆದುಹಾಕುವುದು ಒಳ್ಳೆಯದು.

ಒಡೆದ ಚಿತ್ತ

ವಿಜ್ಞಾನಿಗಳಿಗಿಂತ ಹದಿನಾರು ಶತಮಾನಗಳ ಹಿಂದೆಯೇ ಅಗಸ್ಟೀನನು ಈ ವಿಷಯವನ್ನು ತನ್ನ ಅನುಭವದಿಂದ ಬಿಡಿಸಿ ಬರೆದಿದ್ದಾನೆ. ಅವನ 'ಅರಿಕೆಗಳು' ಗ್ರಂಥದ ಎಂಟನೆಯ ಪುಸ್ತಕದಲ್ಲಿ 386ರ ಮಿಲಾನಿನ ತೋಟದ ವೃತ್ತಾಂತ ಬರುತ್ತದೆ. ಮನಸ್ಸು ಕೈಗೆ ಆಜ್ಞಾಪಿಸಿದರೆ ಕೈ ಕೂಡಲೇ ಏಳುತ್ತದೆ. ಮನಸ್ಸು ತನಗೆ ತಾನೇ ಆಜ್ಞಾಪಿಸಿದರೆ ವಿಧೇಯತೆ ದೊರೆಯದು. ಏಕೆಂದರೆ ಆಜ್ಞಾಪಿಸುವ ಚಿತ್ತವು ಪೂರ್ಣವಾಗಿಲ್ಲ. ಅರ್ಧ ಬಯಸುತ್ತದೆ, ಅರ್ಧ ಬಯಸುವುದಿಲ್ಲ. ಹಳೆಯ ಅಭ್ಯಾಸವೆಂಬ ಸರಪಣಿ ಹೊರಗಿನವರು ಹಾಕಿದ್ದಲ್ಲ, ತನ್ನ ಚಿತ್ತವೇ ಕೊಂಡಿ ಕೊಂಡಿಯಾಗಿ ಬೆಸೆದದ್ದು ಎನ್ನುತ್ತಾನೆ. ನಮ್ಮ ವರ್ಷಾಂತ್ಯದ ಆರಾಧನೆಗೆ ಇದಕ್ಕಿಂತ ನೇರವಾದ ವ್ಯಾಖ್ಯಾನ ನನಗೆ ತಿಳಿಯದು. ಏಳೆಂದರೆ ಕೈ ಏಳುತ್ತದೆ. ಎದ್ದ ಕೈಯನ್ನು ಕಂಡು ಚಿತ್ತವೂ ಎದ್ದಿದೆಯೆಂದು ನಾವು ಲೆಕ್ಕ ಬರೆದುಕೊಳ್ಳುತ್ತೇವೆ.

ಆರನೆಯ ಪುಸ್ತಕದ ಅಲೀಪಿಯನ ಕಥೆ ಇನ್ನೂ ಹತ್ತಿರದ್ದು. ಕತ್ತಿಮಲ್ಲರ ಕಾಳಗವನ್ನು ಹೇಸುತ್ತಿದ್ದ ಆ ಯುವಕನನ್ನು ಗೆಳೆಯರು ಬಲವಂತದಿಂದ ರಂಗಸ್ಥಳಕ್ಕೆ ಎಳೆದೊಯ್ಯುತ್ತಾರೆ. ದೇಹವನ್ನು ಎಳೆಯಬಹುದು, ಮನಸ್ಸನ್ನಲ್ಲ ಎಂಬ ಧೈರ್ಯದಿಂದ ಅವನು ಕಣ್ಣುಮುಚ್ಚಿ ಕೂರುತ್ತಾನೆ. ಜನರ ಕೂಗು ಕಿವಿಗೆ ಬಿದ್ದೊಡನೆ ಕಣ್ಣು ತೆರೆಯುತ್ತದೆ. ಅಲ್ಲಿಂದ ಮುಂದೆ ಅವನೇ ಇತರರನ್ನು ಕರೆದೊಯ್ಯುವವನಾಗುತ್ತಾನೆ. ಅವನಲ್ಲಿದ್ದದ್ದು ಬಲವಲ್ಲ, ಬರೀ ಧೈರ್ಯ ಎಂಬುದು ಅಗಸ್ಟೀನನ ಟೀಕೆ. ಕೂತ ಜಾಗವೇ ಸಂಕಲ್ಪವನ್ನು ಸೋಲಿಸಿತು. ಆದರೆ ಮಿಲಾನಿನ ತೋಟದಲ್ಲಿ ಅಗಸ್ಟೀನನ ಪಕ್ಕದಲ್ಲಿ ಕೂತಿದ್ದವನೂ ಇದೇ ಅಲೀಪಿಯನು. ಗೆಳೆಯರ ನಡುವೆ ಬಿದ್ದವನು ಗೆಳೆಯನ ಪಕ್ಕದಲ್ಲಿ ಎದ್ದನು.

ಪೆಲಾಗಿಯನೊಡನೆ ಎದ್ದ ವಾದದ ಕಿಡಿ ಹೊತ್ತಿದ್ದು ಸಂಯಮದ ವಿಷಯದಲ್ಲೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ದೇವರೇ ಆಜ್ಞಾಪಿಸಿದ್ದನ್ನು ದೇವರೇ ಅನುಗ್ರಹಿಸಲಿ ಎಂಬರ್ಥದ ಪ್ರಾರ್ಥನೆ ಹತ್ತನೆಯ ಪುಸ್ತಕದಲ್ಲಿ, ಇಂದ್ರಿಯನಿಗ್ರಹದ ಪ್ರಸ್ತಾಪದಲ್ಲಿ ಬರುತ್ತದೆ. ಅದನ್ನು ರೋಮಿನಲ್ಲಿ ಯಾರೋ ಓದಿದಾಗ ಪೆಲಾಗಿಯನು ಸಹಿಸಲಾರದೆ ಹೋದನೆಂದು ಅಗಸ್ಟೀನನೇ ಮುಂದೆ ಬರೆಯುತ್ತಾನೆ. ಪೆಲಾಗಿಯನು ದುಷ್ಟನಾಗಿರಲಿಲ್ಲ, ಕ್ರೈಸ್ತರು ಸೋಮಾರಿಗಳಾದಾರೆಂದು ಹೆದರಿದ ಶಿಸ್ತಿನ ಮನುಷ್ಯ. ಕೈಯೆತ್ತಿಸುವಾಗ ನನ್ನ ಮನಸ್ಸಿನಲ್ಲಿದ್ದ ಹೆದರಿಕೆಯೂ ಅದೇ.

ಪೌಲನ ಬಳಿಗೆ ಬರುವಾಗ ಎಚ್ಚರ ಬೇಕು. ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯವನ್ನು ಚಟದ ವರ್ಣನೆಯೆಂದು ಓದಿಬಿಡುವುದು ಸುಲಭ. ಅಲ್ಲಿನ 'ನಾನು' ಯಾರೆಂಬುದರಲ್ಲಿ ವ್ಯಾಖ್ಯಾನಕಾರರಿಗೆ ಒಮ್ಮತವಿಲ್ಲ. ವಾದದ ವಸ್ತು ಧರ್ಮಶಾಸ್ತ್ರವೇ ಹೊರತು ದುರಭ್ಯಾಸವಲ್ಲ. ಶರೀರಭಾವವೆಂದು ಪೌಲನು ಕರೆಯುವುದೂ ಮಿದುಳಿನ ಗ್ರಾಹಕಗಳೂ ಒಂದೇ ಅಲ್ಲ. ಹೆಚ್ಚು ಉಪಯುಕ್ತವಾದುದು ಗಲಾತ್ಯದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯ. ನಮ್ಮ ಕನ್ನಡ ಬೈಬಲಿನಲ್ಲಿ ಶಮೆದಮೆಯೆಂದು ಬಂದಿರುವ 'ಎಂಕ್ರಾತೇಯ' ಅಲ್ಲಿ ಆತ್ಮನ ಫಲಗಳ ಪಟ್ಟಿಯ ಕೊನೆಯಲ್ಲಿದೆ. ಫಲವನ್ನು ಯಾರೂ ಆಜ್ಞಾಪಿಸಿ ಬರಿಸಲಾರರು. ಹಾಗೆಂದು ತೋಟಕ್ಕೆ ಹೋಗದೆ ಕೂತವನಿಗೂ ಅದು ಸಿಗುವುದಿಲ್ಲ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯದೆ, ಕೊಳೆ ಬಾರದಿರಲಿ ಎಂದು ಪ್ರಾರ್ಥಿಸಿ ಸುಮ್ಮನಿರುವ ಬೆಳೆಗಾರನನ್ನು ನಾನು ಕಂಡಿಲ್ಲ. ಹೊಡೆದವನು ತಾನೇ ಅಡಿಕೆ ಸೃಷ್ಟಿಸಿದೆನೆಂದು ಹೇಳುವುದನ್ನೂ ಕೇಳಿಲ್ಲ. ಅದೇ ಮೂಲದ ಕ್ರಿಯಾಪದವನ್ನು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಒಂಬತ್ತನೆಯ ಅಧ್ಯಾಯದಲ್ಲಿ ಓಟಗಾರರ ಸಂಯಮಕ್ಕೆ ಬಳಸುತ್ತಾನೆ. ಓಟಗಾರನಿಗೆ ಗುರುವುಂಟು, ಪಥ್ಯವುಂಟು, ದಿನಚರಿಯುಂಟು. ಒಂದು ರಾತ್ರಿಯ ಆವೇಶದಿಂದ ಓಡುವವನು ಅವನಲ್ಲ.

ಕವಳದ ತಟ್ಟೆ

ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಚಟ ಹತ್ತಿಸಿಕೊಂಡಿದ್ದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ವಿದುಷಿ 1970ರ ದಶಕದಲ್ಲಿ ಅಧ್ಯಯನ ಮಾಡಿದರು. ಊರಿಗೆ ಮರಳಿದ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಐವರಷ್ಟೇ. ಅವರೆಲ್ಲರ ಮನೋಬಲ ಇದ್ದಕ್ಕಿದ್ದಂತೆ ಹೆಚ್ಚಿತೆನ್ನುವುದಕ್ಕಿಂತ, ಸುತ್ತಲಿನ ಲೋಕವೇ ಬದಲಾಯಿತೆನ್ನುವುದು ಸರಿ. ನಮ್ಮ ಕೊನೆಗಾರರಿಗೆ ದಾಟಿಹೋಗಲು ಸಮುದ್ರವಿಲ್ಲ. ಚಟ ಹತ್ತಿದ ತೋಟವೇ ಹೊಟ್ಟೆ ಹೊರೆಯುವ ತೋಟ. ಕೊಯ್ಲಿನ ಕಾಲದಲ್ಲಿ ಒಂದು ತೋಟ ಮುಗಿಸಿ ಇನ್ನೊಂದಕ್ಕೆ ಹೋದರೆ ಅಂಗಳದಲ್ಲಿ ಮೊದಲು ಬರುವುದು ಕವಳದ ತಟ್ಟೆ: ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಬೇಡವೆಂದರೆ ಮನೆಯ ಯಜಮಾನರು ಮುಖ ನೋಡುತ್ತಾರೆ. ಮರದಿಂದ ಇಳಿದು ತಳೆ ಬಿಚ್ಚಿದೊಡನೆ ಕೆಳಗಿರುವ ಜೊತೆಗಾರ ಬೀಡಿ ಹೊತ್ತಿಸಿ ಕೈಗೆ ಕೊಡುತ್ತಾನೆ. ರಾತ್ರಿ ಅಡಿಕೆ ಸುಲಿಯುವಲ್ಲಿ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರ ಬಾಯಲ್ಲೂ ಕವಳ. ಇದು ಕೆಟ್ಟ ಸಹವಾಸವಲ್ಲ. ಆದರ, ಸ್ನೇಹ, ದುಡಿಮೆಯ ನಡುವಿನ ಬಿಡುವು. ಆದ್ದರಿಂದಲೇ ಎದುರಿಸುವುದು ಕಷ್ಟ. ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಾರೆಂದೂ, ಸೇದುವವರಿಗಿಂತ ಅಗಿಯುವವರೇ ಹೆಚ್ಚೆಂದೂ 2016–17ರ ರಾಷ್ಟ್ರೀಯ ಸಮೀಕ್ಷೆ ತಿಳಿಸಿತು. ಬೀಡಿ ಬಿಟ್ಟವನು ಹೊಗೆಸೊಪ್ಪಿಗೆ ಹೊರಳಿ, ತಾನು ಗೆದ್ದೆನೆಂದುಕೊಂಡು ಬಾಯಿಯ ಕ್ಯಾನ್ಸರಿನ ಕಡೆಗೆ ನಡೆಯುವುದು ನಮ್ಮ ಕಡೆ ಸಾಮಾನ್ಯ. ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೆ ಸೇರಿಸಿತು. ಅಡಿಕೆಯಿಂದಲೇ ಕಾಣಿಕೆ ಚೀಲ ತುಂಬುವ ಸಭೆಗಳಲ್ಲಿ ಈ ಮಾತು ಆಡುವುದು ಎಷ್ಟು ಕಷ್ಟವೆಂದು ಬಲ್ಲೆ. ಆಡದೆ ಬಿಟ್ಟದ್ದೂ ಉಂಟು.

ಮದ್ಯಪಾನಿಗಳ ನಡುವೆ 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ, ತಾನು ಅಶಕ್ತನೆಂದು ಒಪ್ಪುವುದರಿಂದಲೇ ಬಿಡುಗಡೆಯ ಮೊದಲ ಹೆಜ್ಜೆಯೆಂದು ಕಲಿಸಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ವಿಲ್ಸನ್ನರು ಮೂವತ್ತಾರು ವರ್ಷ ಮದ್ಯ ಮುಟ್ಟದೆ ಬಾಳಿದರು. ಆದರೆ ಅತಿಯಾದ ಧೂಮಪಾನದಿಂದ ಶ್ವಾಸಕೋಶ ಕೆಟ್ಟು 1971ರಲ್ಲಿ ತೀರಿಕೊಂಡರು. ಇದನ್ನು ಹೇಳುವುದು ಅವರನ್ನು ಹೀಯಾಳಿಸಲಿಕ್ಕಲ್ಲ. ಮದ್ಯದ ವಿಷಯದಲ್ಲಿ ಅವರ ಸುತ್ತ ಒಂದು ಕೂಟವಿತ್ತು, ವಾರವಾರ ವಿಚಾರಿಸುವವರಿದ್ದರು. ಸಿಗರೇಟಿನ ವಿಷಯದಲ್ಲಿ ಅಂಥ ಕೂಟವಿರಲಿಲ್ಲ. ಆ ಸಭೆಗಳ ಕೋಣೆಗಳೇ ಹೊಗೆಯಿಂದ ತುಂಬಿರುತ್ತಿದ್ದವು. ನಮ್ಮ ಜಿಲ್ಲೆಗಳಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರಗಳನ್ನು ನೋಡಿದವರಿಗೂ ಇದು ಗೊತ್ತು: ಒಂದು ವಾರ ಮನೆಯಿಂದ ದೂರವಿರಿಸಿ, ಹಿಂದಿರುಗಿದ ಮೇಲೆ ನವಜೀವನ ಸಮಿತಿಯೆಂಬ ಕೂಟಕ್ಕೆ ಸೇರಿಸುತ್ತಾರೆ. ನೆರೆಯವರು ಹೀಗೆ ಮಾಡುತ್ತಿರುವಾಗ ಕ್ರಿಸ್ತನ ದೇಹವೆಂದು ಕರೆಸಿಕೊಳ್ಳುವ ನಾವು ಕೈಯೆತ್ತಿಸಿ ಮನೆಗೆ ಕಳುಹಿಸುತ್ತಿದ್ದೆವು.

ಬಿದ್ದ ಮೇಲೆ

ಬಿಟ್ಟವನು ಒಂದು ಬೀಡಿ ಸೇದಿದರೆ ಎಲ್ಲವೂ ಮುಗಿಯಿತೆಂದಲ್ಲ. ಆ ಒಂದು ಬೀಡಿಯ ಬಳಿಕ 'ನಾನು ಇಷ್ಟೇ' ಎಂಬ ಲಜ್ಜೆ ಅವನನ್ನು ಇಡೀ ಕಟ್ಟಿನ ಕಡೆಗೆ ತಳ್ಳುತ್ತದೆಂದು ಮಾರ್ಲಟ್ ಮತ್ತು ಗಾರ್ಡನ್ ಎಂಬ ಮನೋವಿಜ್ಞಾನಿಗಳು 1985ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಸಂಪೂರ್ಣ ವರ್ಜನೆಯ ಪಣ ಎಷ್ಟು ಬಿಗಿಯೋ ಮುರಿದಾಗಿನ ಬೀಳು ಅಷ್ಟು ಆಳ. ದೇವರ ಹೆಸರಿನಲ್ಲಿ, ಊರವರ ಮುಂದೆ ತೊಟ್ಟ ಪಣವಾದರೆ ಕೇಳಬೇಕೇ? ಹರಕೆ ಹೊತ್ತು ತೀರಿಸದಿರುವುದಕ್ಕಿಂತ ಹೊರದಿರುವುದೇ ಮೇಲೆಂದು ಪ್ರಸಂಗಿ ಎಚ್ಚರಿಸಿದ್ದಾನೆ. ಆ ಐದನೆಯ ಅಧ್ಯಾಯದ ಮೇಲೆ ವರ್ಷಾಂತ್ಯದಲ್ಲಿ ಯಾರೂ ಪ್ರಸಂಗ ಮಾಡುವುದಿಲ್ಲ.

ಕೊನೆಗಾರರನ್ನು ಭೋಜನದಿಂದ ತಡೆದದ್ದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹನ್ನೊಂದನೆಯ ಅಧ್ಯಾಯವೇ. ಅಯೋಗ್ಯವಾಗಿ ತಿನ್ನುವವನ ಕುರಿತಾದ ಆ ಎಚ್ಚರಿಕೆಯನ್ನು ಅವರು ಅಯೋಗ್ಯನಾದವನು ತಿನ್ನಬಾರದೆಂದು ಕೇಳಿಸಿಕೊಂಡಿದ್ದರು. ನಾವು ಓದುವ ಧಾಟಿಯೂ ಹಾಗೆಯೇ ಇರುತ್ತದೆ. ಆದರೆ ಮೂಲದ 'ಅನಕ್ಸಿಯೋಸ್' ಕ್ರಿಯಾವಿಶೇಷಣ. ಅದು ತಿನ್ನುವ ರೀತಿಯನ್ನು ಹೇಳುತ್ತದೆ, ತಿನ್ನುವವನ ಅರ್ಹತೆಯನ್ನಲ್ಲ. ಪೌಲನು ಗದರಿಸುತ್ತಿರುವುದು ಬಡವರು ಬರುವ ಮೊದಲೇ ಉಂಡು ಕುಡಿದು ಇಲ್ಲದವರನ್ನು ನಾಚಿಸಿದವರನ್ನು. ನಾಚಿ ಹಿಂದಿನ ಬೆಂಚಿನಲ್ಲಿ ಕೂತವನಿಗೆ ಆ ವಾಕ್ಯವನ್ನು ಓದಿ ಇನ್ನಷ್ಟು ನಾಚಿಸುವುದು ಅದನ್ನು ತಲೆಕೆಳಗು ಮಾಡಿದಂತೆ.

ಪೇತ್ರನೂ ಪಣ ತೊಟ್ಟವನೇ. ಎಲ್ಲರೂ ಬಿಟ್ಟುಹೋದರೂ ತಾನು ಬಿಡೆನೆಂದನು. ಯೋಹಾನನ ಸುವಾರ್ತೆಯಲ್ಲಿ ಇದ್ದಲಿನ ಬೆಂಕಿಯನ್ನು ಸೂಚಿಸುವ ಗ್ರೀಕ್ ಪದ ಎರಡೇ ಕಡೆ ಬರುತ್ತದೆ: ಅವನು ಮೂರು ಸಲ ಅಲ್ಲಗಳೆದ ಅಂಗಳದಲ್ಲಿ ಒಮ್ಮೆ, ಪುನರುತ್ಥಾನದ ನಂತರ ಸಮುದ್ರತೀರದಲ್ಲಿ ಇನ್ನೊಮ್ಮೆ. ಎರಡನೆಯ ಬೆಂಕಿಯ ಬಳಿ ಕರ್ತನು ಮೊದಲು ಊಟ ಬಡಿಸುತ್ತಾನೆ. ಆಮೇಲೆ ಕೇಳುವ ಪ್ರಶ್ನೆ ಪ್ರೀತಿಯದು. ಇನ್ನು ಮುಂದೆ ಅಲ್ಲಗಳೆಯುವುದಿಲ್ಲವೆಂದು ಮಾತು ಕೊಡು ಎನ್ನುವುದಿಲ್ಲ.

ಇದನ್ನೆಲ್ಲ ಕೊನೆಗಾರರಿಗೆ ಗ್ರೀಕ್ ಸಹಿತ ಹೇಳಲಿಲ್ಲ. ಮೊದಲ ಭಾನುವಾರ ಬನ್ನಿ ಎಂದೆ. ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ಜೊತೆಗೆ, ಬೀಡಿ ಬಿಡಲು ಕೊಯ್ಲಿನ ನಡುವಿನ ಜನವರಿಯನ್ನು ಬಿಟ್ಟು ಬೇರೆ ತಿಂಗಳನ್ನು ಆರಿಸಿಕೊಳ್ಳೋಣವೆಂದೆ. ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ನನ್ನ ಮೊಬೈಲಿನಿಂದಲೇ ಕರೆಮಾಡಿ ಮಾತನಾಡಿಸಿದೆ. ವೈದ್ಯರ ಸಲಹೆಯಂತೆ ನಿಕೋಟಿನ್ ಚೂಯಿಂಗ್ ಗಮ್ ಬಂತು. ಅದನ್ನು ಮಿಠಾಯಿಯಂತೆ ಅಗಿಯಬಾರದು. ಸ್ವಲ್ಪ ಅಗಿದು ದವಡೆಯ ಪಕ್ಕ ಒತ್ತಿಟ್ಟುಕೊಳ್ಳಬೇಕು, ಔಷಧ ಕೆನ್ನೆಯ ಒಳಪದರದಿಂದ ಇಳಿಯಬೇಕು. ಕವಳ ಹಾಕಿ ಬಲ್ಲವರಿಗೆ ಇದು ಕಲಿಸಬೇಕಾದ ವಿದ್ಯೆಯಲ್ಲ. ಇಂಥ ಔಷಧಗಳು ಬಿಡುವವರ ಗೆಲುವನ್ನು ಅರ್ಧದಷ್ಟು ಹೆಚ್ಚಿಸುತ್ತವೆಂದು ಬಹಳ ಪ್ರಯೋಗಗಳು ತೋರಿಸಿವೆ. ಗಮ್ ಅಗಿಯುವುದು ನಂಬಿಕೆಯ ಕೊರತೆಯಲ್ಲವೇ ಎಂದು ನಮ್ಮ ಹಿರಿಯರೊಬ್ಬರು ಕೇಳಿದರು. ಪೌಲನು ತಿಮೊಥೆಯನ ಹೊಟ್ಟೆಬೇನೆಗೆ ಹೇಳಿದ ಮದ್ದನ್ನು ನೆನಪಿಸಿದೆ. ಅವರು ನಕ್ಕು ಸುಮ್ಮನಾದರು.

ಸಭಾಪಾಲಕನ ಮಾತು ಏನು ಮಾಡೀತೆನ್ನುವವರಿಗೆ ಒಂದು ಅಧ್ಯಯನವನ್ನು ಹೇಳಬಹುದು. 1979ರಲ್ಲಿ ರಸೆಲ್ ಮತ್ತು ಸಂಗಡಿಗರು ಲಂಡನ್ನಿನ ಸಾಮಾನ್ಯ ವೈದ್ಯರಿಂದ ಒಂದೆರಡು ನಿಮಿಷ ಬುದ್ಧಿಹೇಳಿಸಿದರು, ಒಂದು ಕರಪತ್ರ ಕೊಡಿಸಿದರು, ಮುಂದೆ ವಿಚಾರಿಸುತ್ತೇವೆಂದು ತಿಳಿಸಿದರು. ಒಂದು ವರ್ಷದ ನಂತರ ಏನೂ ಹೇಳಿಸಿಕೊಳ್ಳದವರಲ್ಲಿ ಬಿಟ್ಟಿದ್ದವರು ನೂರಕ್ಕೆ 0.3, ಇವರಲ್ಲಿ 5.1. ಬರೀ ಬುದ್ಧಿ ಕೇಳಿದವರಲ್ಲಿ 3.3. ಕರಪತ್ರವೂ 'ಮುಂದೆ ವಿಚಾರಿಸುತ್ತೇವೆ' ಎಂಬ ಮಾತೂ ಸೇರಿ ತಂದ ವ್ಯತ್ಯಾಸ ಅದು. ಸಂಖ್ಯೆ ಸಣ್ಣದು, ಆದರೆ ವಿಚಾರಿಸುವುದು ನಮ್ಮ ಕಸುಬೇ.

ನಮ್ಮ ಸಭೆಯಲ್ಲಿ ವರ್ಷಾಂತ್ಯದ ಕೈಯೆತ್ತುವಿಕೆಯನ್ನು ಹಿರಿಯರ ಸಮಿತಿ ನಿಲ್ಲಿಸಿತು. ಎಲ್ಲರಿಗೂ ಸಮಾಧಾನವಾಗಲಿಲ್ಲ, ಆತ್ಮದ ಬೆಂಕಿ ತಣ್ಣಗಾಯಿತೆಂದವರಿದ್ದಾರೆ. ಈಗ ಬಿಡಲು ಬಯಸುವವರು ಹಿರಿಯರೊಬ್ಬರಿಗೆ ಹೆಸರು ಹೇಳುತ್ತಾರೆ, ಅವರು ಮೊದಲ ತಿಂಗಳು ಎರಡು ದಿನಕ್ಕೊಮ್ಮೆ ಮನೆಗೆ ಹೋಗುತ್ತಾರೆ. ಸಭೆಯವರ ಎರಡು ತೋಟಗಳಲ್ಲಿ ಕವಳದ ತಟ್ಟೆಯ ಬದಲು ಬೆಲ್ಲ ಮತ್ತು ಮಜ್ಜಿಗೆ ಬರುತ್ತದೆ. ಉಳಿದೆಡೆ ಹಳೆಯ ಪದ್ಧತಿಯೇ.

ಕೊನೆಗಾರರು ಆಗಸ್ಟಿನಲ್ಲಿ ಬಿಟ್ಟರು. ಆ ವರ್ಷದ ಕೊಯ್ಲು ದಾಟಿತು. ಮಾರ್ಚಿಯಲ್ಲಿ ತಾಯಿಯ ಮಣ್ಣು ಮುಗಿಸಿ ಬಂದ ಸಂಜೆ ಒಂದು ಬೀಡಿ ಸೇದಿದರು. ಮರುದಿನ ಬೆಳಿಗ್ಗೆ ಏಳಕ್ಕೇ ನಮ್ಮ ಬಾಗಿಲಲ್ಲಿದ್ದರು. "ನಿನ್ನೆ ಒಂದು ಆಯ್ತು, ಅಯ್ಯನವರೇ" ಎಂದರು. ಕಾಫಿ ಕುಡಿದೆವು. ಹೋಗುವಾಗ ಜೇಬಿನಿಂದ ಉಳಿದ ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟರು. ಬಂದ ಭಾನುವಾರ ತಿಂಗಳ ಮೊದಲನೆಯದು. ಮುಂದಿನ ಬೆಂಚಿನಲ್ಲಿ ಕೂತಿದ್ದರು.